ಮೆತ್ತಗೆ ಮಾತಾಡುವ ಲೌಡ್‌ಸ್ಪೀಕರ್

ಉಪಯೋಗಕ್ಕಿಂತ ಉಪದ್ರವವೇ ಹೆಚ್ಚಾಗಿರುವ ವಸ್ತುಗಳನ್ನು ಕಂಡರೆ ಕೆಲವರಿಗೆ ಪ್ರೀತಿ ಉಕ್ಕುತ್ತದೆ. ನಾನು ಆ ಪೈಕಿ. ತಾನಾಗಿ ನಡೆಯುವ ಗಡಿಯಾರ ನನ್ನ ಬಳಿ ನಿಲ್ಲುವುದಿಲ್ಲ; ಆಗಾಗ ಅಲ್ಲಾಡಿಸಿ, ಬೆನ್ನು ತಟ್ಟಿ, ಕಿವಿಗಿಟ್ಟು ಕೇಳಬೇಕಾದ ಗಡಿಯಾರವಾದರೆ ಅದನ್ನು ಯಾರಿಗೂ ಕೊಡಲು ಮನಸ್ಸು ಬಾರದು. ನನ್ನ ಹೆಂಡತಿ ನಾಗಮ್ಮ ಇದನ್ನು ನನ್ನ ಉದ್ಯೋಗದ ದೋಷವೆಂದು ಕ್ಷಮಿಸಿದ್ದಾಳೆ. ನಾನು ತಮಿಳು ಸೀಮೆಯ ಕಂಬಂ ಊರಿನ ದನದ ಡಾಕ್ಟರು. ಆರೋಗ್ಯವಾಗಿರುವ ಎಮ್ಮೆಯನ್ನು ನನ್ನ ಹತ್ತಿರ ಯಾರು ತಾನೇ ಹೊಡೆದುಕೊಂಡು ಬರುತ್ತಾರೆ? ಹೀಗೆ ಕಾಯಿಲೆಯವುಗಳ ಸಹವಾಸದಲ್ಲೇ ಬದುಕಿದವನ ಮನೆಗೆ ಒಂದು ಲೌಡ್‌ಸ್ಪೀಕರ್ ಬಂದರೂ ಅದು ಕಾಯಿಲೆಯದೇ ಆಗಿರಬೇಕಾದದ್ದು ನ್ಯಾಯ.

ನಮ್ಮ ಸೀಮೆಯಲ್ಲಿ ಲೌಡ್‌ಸ್ಪೀಕರ್ ಅಂದರೆ ತೆಂಗಿನ ಮರಕ್ಕೆ ಕಟ್ಟಿದ ಕಬ್ಬಿಣದ ತುತ್ತೂರಿ. ಮದುವೆಗೂ ಅದೇ, ಕಿವಿ ಚುಚ್ಚುವುದಕ್ಕೂ ಅದೇ, ಚುನಾವಣೆಗೂ ಅದೇ. ಅದು ಚೆನ್ನಾಗಿದೆಯೋ ಇಲ್ಲವೋ ಎಂಬುದು ಎಷ್ಟು ದೂರದ ಊರಿಗೆ ಕೇಳಿಸಿತು ಎಂಬುದರ ಮೇಲೆ ನಿಂತಿದೆ. ಇಂಥ ಕಡೆ, ಪಕ್ಕದ ಕೋಣೆಗೂ ಸರಿಯಾಗಿ ಕೇಳಿಸದ ಲೌಡ್‌ಸ್ಪೀಕರ್ ಇಟ್ಟುಕೊಂಡು, ಅದು ಪ್ರಪಂಚದಲ್ಲೇ ಶ್ರೇಷ್ಠವೆಂದು ಬಂದವರಿಗೆಲ್ಲ ವಿವರಿಸುತ್ತ ಕೂತವನು ನಾನು.

ಅದು ಬಂದದ್ದು ಬೆಟ್ಟದಿಂದ. ಘಟ್ಟದ ಮೇಲೆ ಏಲಕ್ಕಿ ತೋಟದ ಒಬ್ಬ ವಯಸ್ಸಾದ ಬಿಳಿ ದೊರೆ ಇದ್ದ. ಅವನ ಸೀಮೆ ಹಸು ಕರು ಹಾಕಲಾರದೆ ಒದ್ದಾಡಿದಾಗ ನಾನು ಹೋಗಿ ಕರುವನ್ನು ಎಳೆದಿದ್ದೆ. ಆಮೇಲೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಅವನು ನನ್ನನ್ನು ಕರೆಸಿ, ಹಜಾರದ ನಡುವೆ ನಿಂತಿದ್ದ ಒಂದು ವಸ್ತುವನ್ನು ತೋರಿಸಿ, ಇದನ್ನು ಹಡಗಿಗೆ ಹಾಕಿದರೆ ಉಳಿಯುವುದಿಲ್ಲ, ನೀನು ನೋಡಿಕೊಳ್ಳುತ್ತೀಯಾ ಎಂದು ಕೇಳಿದ. ಯಾರಾದರೂ ನೋಡಿಕೊಳ್ಳುತ್ತೀಯಾ ಎಂದರೆ ನನಗೆ ಇಲ್ಲವೆನ್ನಲು ಬರುವುದಿಲ್ಲ. ಗಬ್ಬದ ಹಸುವಿನಂತೆ ಸಾಕು ಎಂದು ಅವನೇ ಹೇಳಿಕೊಟ್ಟ: ತೇವ ತಗಲಬಾರದು, ಗೋಡೆಗೆ ಒತ್ತಿ ಕಟ್ಟಬಾರದು, ಬೆದರಿಸಬಾರದು, ಹೊಟ್ಟೆಯ ಒಳಗೆ ಕೈ ಹಾಕಬಾರದು. ಹಾಕಿದರೆ ಮಾತ್ರ ಒದೆಯುವುದು ಕಾಲಲ್ಲಲ್ಲ, ಕರೆಂಟಿನಲ್ಲಿ ಎಂದ.

ಜೀಪಿನ ಹಿಂದೆ ಏಲಕ್ಕಿ ಮೂಟೆಗಳ ನಡುವೆ ಅದನ್ನು ನಿಲ್ಲಿಸಿಕೊಂಡು ಘಟ್ಟ ಇಳಿದೆ. ಮನೆಯ ಮುಂದೆ ಇಳಿಸಿದಾಗ ಬೀದಿಯವರೆಲ್ಲ ಸೇರಿದರು. ಅಗಲದ ತಗಡು, ಮೈತುಂಬ ಸಣ್ಣ ತೂತು, ಕಂಚಿನ ಬಣ್ಣ, ಸ್ವಲ್ಪ ಮುಂದಕ್ಕೆ ಬಾಗಿದ ಎದೆ, ಕೆಳಗೆ ಗಿಡ್ಡ ಮರದ ಕಾಲುಗಳು. ಲೌಡ್‌ಸ್ಪೀಕರಿಗೆ ಇರಬೇಕಾದ ಬಾಯಿಯೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಅವ್ವ ಬಂದು ಕೈಯಾಡಿಸಿ ನೋಡಿ, "ಇಂಗ್ಲಿಷ್ ತಡಿಕೆಯಾ ಸಾಮಿ? ಕೋಳಿ ಕೂಡಾಕಕ್ಕೆ ಚೆನ್ನಾಗದೆ," ಅಂದಳು.

ಅವ್ವನ ಮಾತಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮದು ತಲೆತಲಾಂತರದ ಹಿಂದೆ ಈ ಕಣಿವೆಗೆ ಬಂದು ನೆಲೆಸಿದ ಬೇಸಾಯದ ಮನೆತನ. ಬೀದಿಯಲ್ಲಿ ತಮಿಳು, ಒಳಗೆ ಕನ್ನಡ. ಆ ಕನ್ನಡವನ್ನು ಕೇಳಿದ ತಮಿಳರು ತೆಲುಗು ಅನ್ನುತ್ತಾರೆ, ಮೈಸೂರಿನವರು ತಮಿಳು ಅನ್ನುತ್ತಾರೆ. ನನಗೆ ಮೊದಲ ಕೆಲಸ ಕೊಳ್ಳೇಗಾಲದಲ್ಲಿ ಆದದ್ದರಿಂದ ಅಲ್ಲಿ ಅಕ್ಷರ ಕಲಿತು, ಹೀಗೆ ಪುಸ್ತಕದ ಕನ್ನಡ ಬರೆಯುವಷ್ಟಾದೆ. ನಮ್ಮ ಮನೆಯ ಕನ್ನಡದಲ್ಲಿ "ಸತ್ತ" ಅಂದರೆ ಗದ್ದಲ, ಕೂಗಾಟ; ತಮಿಳಿನಿಂದ ಬಂದದ್ದು. ಒಮ್ಮೆ ಕೊಳ್ಳೇಗಾಲದ ಸ್ನೇಹಿತರೊಬ್ಬರು ಮನೆಗೆ ಬಂದಾಗ ಅವ್ವ ನನ್ನನ್ನು ತೋರಿಸಿ, "ಇವ ಬೆಳಗಿಂದ ಸತ್ತ ಹಾಕ್ತಾನೆ," ಅಂದಳು. ಅವರು ಕಾಫಿ ಲೋಟ ಹಿಡಿದುಕೊಂಡು ಯಾರು ಸತ್ತದ್ದೆಂದು ಮೆಲ್ಲಗೆ ನನ್ನನ್ನು ಕೇಳಿದರು.

ಇರಲಿ. ಆ ತಡಿಕೆಯ ಒಳಗೆ ಇರುವುದು ಇಷ್ಟೇ: ಎರಡು ತೂತಿನ ತಗಡುಗಳ ನಡುವೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಒಂದು ಹಾಳೆಯನ್ನು ಬಿಗಿದಿದ್ದಾರೆ. ಕರೆಂಟು ಆ ಹಾಳೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತದೆ, ಇಡೀ ಹಾಳೆ ಒಟ್ಟಿಗೆ ನಡುಗುತ್ತದೆ, ಅದೇ ಮಾತು, ಅದೇ ಹಾಡು. ದೊರೆ ಕೊಟ್ಟ ವಾಲ್ವುಗಳ ಆಂಪ್ಲಿಫಯರಿಗೆ ನಮ್ಮ ಹಳೆಯ ರೇಡಿಯೋವನ್ನು ಜೋಡಿಸಿದೆ. ರೇಡಿಯೋದ ಸ್ವಂತ ಬಾಯಿಯ ತಂತಿಯನ್ನು ಬಿಚ್ಚಿಹಾಕಿದೆ. ಮೊದಲ ಸಂಜೆ ಒಬ್ಬ ಹೆಂಗಸು ಹಾಡಿದಳು. ಹಾಡುವ ಮೊದಲು ಆಕೆ ಉಸಿರು ತೆಗೆದುಕೊಂಡದ್ದು ಕೇಳಿಸಿತು. ತುಟಿ ಬಿಡಿಸಿದ್ದು ಕೇಳಿಸಿತು. ನಾನು ಎದ್ದು ನಿಂತೆ. ಅಪರಿಚಿತ ಹೆಂಗಸು ಮನೆಗೆ ಬಂದಾಗ ಗಂಡಸು ಕುಳಿತೇ ಇರುವುದು ಸರಿಯಲ್ಲವೆನ್ನಿಸಿತು.

ಎದ್ದು ನಿಂತದ್ದೇ ತಪ್ಪು. ನಿಂತ ಕೂಡಲೇ ಆಕೆಯ ದನಿ ಕಂಬಳಿ ಹೊದ್ದುಕೊಂಡಂತಾಯಿತು. ಕುಳಿತರೆ ಮತ್ತೆ ಬಿಚ್ಚಿಕೊಂಡಿತು. ಆ ತಡಿಕೆಯ ಗುಣವೇ ಅದು. ಎದುರಿಗೆ, ಸರಿಯಾದ ಎತ್ತರದಲ್ಲಿ, ಅಲುಗಾಡದೆ ಕೂತವನಿಗೆ ಸ್ವರ್ಗ. ಅಂಥ ಜಾಗ ಮನೆಗೆಲ್ಲ ಒಂದೇ. ಅಲ್ಲಿ ನನ್ನ ಈಸಿಚೇರು ಹಾಕಿದೆ. ಪಕ್ಕಕ್ಕೆ ಸರಿದರೆ ಸದ್ದು ಸಣ್ಣಗಾಗುತ್ತ ಹೋಗಿ, ತಡಿಕೆಯ ಅಂಚಿಗೆ ನೇರವಾಗಿ ನಿಂತವನಿಗೆ ಏನೂ ಕೇಳಿಸುವುದಿಲ್ಲ. ಹಿಂದುಗಡೆ ಹೋದರೆ ಮುಂದೆ ಇದ್ದಷ್ಟೇ ಸದ್ದು. ಅದಕ್ಕೆ ಬೆನ್ನು ಎಂಬುದೇ ಇಲ್ಲ, ಎರಡೂ ಕಡೆ ಎದೆ. ಗೋಡೆಗೆ ಒರಗಿಸಿದರೆ ಹಿಂದಿನ ದನಿ ಗೋಡೆಗೆ ಬಡಿದು ಬಂದು ಮುಂದಿನದನ್ನು ಕೆಡಿಸುತ್ತದೆ. ಹೀಗಾಗಿ ಅದನ್ನು ಹಜಾರದ ನಟ್ಟನಡುವೆ, ಅಡಿಗೆಮನೆಯ ಬಾಗಿಲಿನತ್ತ ಒಂದು ಎದೆ ಮಾಡಿ ನಿಲ್ಲಿಸಬೇಕಾಯಿತು. ನಾವು ಅದನ್ನು ಸುತ್ತಿ ಸುತ್ತಿ ಓಡಾಡಿದೆವು. ಬಂದವರು ಪ್ರದಕ್ಷಿಣೆ ಹಾಕಿಯೇ ಕೂರುವರು.

ದೋಷಗಳು ಅಷ್ಟಕ್ಕೇ ಮುಗಿಯಲಿಲ್ಲ. ಮೃದಂಗ ಬಂದರೆ ದಿಂಬು ತಟ್ಟಿದಂತೆ. ಜೋರು ಮಾಡಿದರೆ ಒಳಗೆ ಕಿಡಿ ಹಾರುವ ಭಯ. ಬೆಟ್ಟದಿಂದ ಇಳಿಯುವ ನೀರು ಕರೆಂಟಾಗುವ ಜಾಗ ನಮ್ಮೂರಿಗೆ ಹತ್ತಿರವೇ ಇದ್ದರೂ, ಸಂಜೆ ದ್ರಾಕ್ಷಿ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಶುರುವಾದರೆ ಹಾಡುವ ಹೆಂಗಸಿಗೆ ಜ್ವರ ಬಂದಂತಾಗುವುದು. ಬೇಸಿಗೆಯಲ್ಲಿ ಬೂರುಗದ ಹತ್ತಿ ಗಾಳಿಗೆ ತೇಲಿ ಬಂದು, ಕರೆಂಟಿನ ಸೆಳೆತಕ್ಕೆ ತಗಡಿಗೆ ಅಂಟಿಕೊಂಡು, ನೋಡನೋಡುತ್ತ ಅದಕ್ಕೆ ಬಿಳಿ ಗಡ್ಡ ಬೆಳೆಯುವುದು. ನಾಗಮ್ಮ ಅದನ್ನು ಸೆರಗಿನಿಂದ ಕ್ಷೌರ ಮಾಡುವಳು, ನಾನು ಒಳಗಿನ ಹಾಳೆ ಹರಿದೀತೆಂದು ಹಾರಾಡುವೆ.

ನಮ್ಮ ಅಣ್ಣ ದಿಂಡುಕ್ಕಲ್ಲಿನಲ್ಲಿ ಹೊಗೆಸೊಪ್ಪಿನ ವ್ಯಾಪಾರಿ. ದನಿಯೂ ಮೈಯೂ ದೊಡ್ಡದು. ಅವನ ಮನೆಯಲ್ಲಿ ಬೀರುವಿನಷ್ಟು ದೊಡ್ಡ ರೇಡಿಯೋಗ್ರಾಂ ಇದೆ. ಅದು ಹಾಡಿದರೆ ಹೊಟ್ಟೆ ಉಬ್ಬಿದ ಎಮ್ಮೆಯ ಪಕ್ಕೆ ತಟ್ಟಿದ ಹಾಗೆ ಗುಮ್ಮೆನ್ನುತ್ತದೆ. ಅವನು ಬಂದು ನನ್ನ ತಡಿಕೆಯ ಮುಂದೆ ಅಂದುಕೊಂಡು ಪಕ್ಕದಲ್ಲಿ ನಿಂತು, ಇನ್ನೂ ಹಾಕಿಲ್ಲವೇ ಎಂದು ಕೇಳಿದ. ಹಾಕಿ ಆಗಲೇ ಒಂದು ಹಾಡು ಮುಗಿದಿತ್ತು.

ಈಗ ಅವ್ವನ ಸಂಗತಿ. ಕೆಲವು ವರ್ಷಗಳಿಂದ ಅವಳಿಗೆ ಕಿವಿ ಮಂದವಾಗಿತ್ತು. ಹಸು ಹಾಲು ಕೊಟ್ಟಿತೇ ಎಂದು ಕೇಳಿದರೆ ಉಂಡಾಯಿತು ಅನ್ನುವಳು. ನಾವು ಕೂಗಿ ಹೇಳುತ್ತಿದ್ದೆವು. ನಾನು ಹಿತ್ತಿಲಿನಿಂದ, ನಾಗಮ್ಮ ಅಡಿಗೆಮನೆಯಿಂದ, ಬಂದ ನೆಂಟರು ಬಾಗಿಲಿನಿಂದ. ಒಮ್ಮೆ ನಾನು ಸ್ಟೆತಾಸ್ಕೋಪನ್ನು ಅವಳ ಕಿವಿಗೆ ಸಿಕ್ಕಿಸಿ ಇನ್ನೊಂದು ತುದಿಯಲ್ಲಿ ಮಾತಾಡಿದೆ. ಎಮ್ಮೆ ವಾಸನೆ ಎಂದು ಕಿತ್ತು ಕೊಟ್ಟಳು. ಬರಬರುತ್ತ ಅವಳು ಮಾತಿಗೆ ನಗುತ್ತ ತಲೆಯಾಡಿಸುವುದಷ್ಟೇ ಉಳಿಯಿತು. ಗೋಡೆಯ ಪಕ್ಕದ ಹಲಗೆಯ ಮೇಲೆ ದಿನವೆಲ್ಲ ಕೂತಿರುವಳು. ಅದು ತಡಿಕೆಯ ಅಂಚಿಗೆ ನೇರವಾದ ಜಾಗ, ಕಿವಿ ಚುರುಕಾಗಿದ್ದವರಿಗೂ ಏನೂ ಕೇಳಿಸದಂಥದು; ನನಗೆ ಅದು ಹೊಳೆಯಲೇ ಇಲ್ಲ. ಆ ದಿನಗಳಲ್ಲಿ ಅವಳು ದಿಂಡುಕ್ಕಲ್ಲಿಗೆ ಹೋಗಿಬಿಡುತ್ತೇನೆ ಎನ್ನಲು ಶುರುಮಾಡಿದ್ದಳು. ಇಲ್ಲಿ ನೀವಿಬ್ಬರೇ ಮಾತಾಡಿಕೊಳ್ಳುತ್ತೀರಿ, ಅಲ್ಲಿಯಾದರೆ ಗಲಾಟೆಯಾದರೂ ಇರುತ್ತದೆ ಎಂದು ನಾಗಮ್ಮನ ಹತ್ತಿರ ಹೇಳಿದಳಂತೆ. ಅಣ್ಣನೂ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು, ಬಂದುಬಿಡು ಅವ್ವ, ಅಲ್ಲಿ ಒಳ್ಳೆ ಡಾಕ್ಟರಿದ್ದಾನೆ ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ನಾಗಮ್ಮನಿಗೆ ಅತ್ತೆಯನ್ನು ಕಳಿಸಲು ಇಷ್ಟವಿರಲಿಲ್ಲ. ನಮಗೆ ಮಕ್ಕಳಿಲ್ಲ, ನಾನು ದನಗಳ ಹಿಂದೆ ಊರೂರು ಅಲೆಯುವವನು. ಅವ್ವ ಹೋದರೆ ಮನೆಯಲ್ಲಿ ಅವಳೊಬ್ಬಳೇ.

ಒಂದು ಸೆಕೆಯ ಸಂಜೆ ಅವ್ವ ಗಾಳಿ ಬರುತ್ತದೆಂದು ನನ್ನ ಈಸಿಚೇರಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ರೇಡಿಯೋದಲ್ಲಿ ರೈತರಿಗಾಗಿ ಯಾರೋ ದ್ರಾಕ್ಷಿಯ ಬೂದಿರೋಗದ ಬಗ್ಗೆ ತಮಿಳಿನಲ್ಲಿ ಮಾತಾಡುತ್ತಿದ್ದರು. ಅವ್ವ ಸುಲಿಯುವುದನ್ನು ನಿಲ್ಲಿಸಿದಳು. ಸ್ವಲ್ಪ ಹೊತ್ತು ತಡಿಕೆಯನ್ನೇ ನೋಡಿದಳು. ಆಮೇಲೆ ಅಡಿಗೆಮನೆಯ ಕಡೆ ತಿರುಗಿ, "ನಾಗಮ್ಮ, ಗಂಧಕದ ಪುಡಿ ಹೊಡೀಬೇಕಂತೆ. ನಿಮ್ಮಪ್ಪನ ತೋಟಕ್ಕೆ ಹೇಳಿ ಕಳ್ಸು," ಅಂದಳು. ನಾಗಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಅಂದಿನಿಂದ ಆ ಕುರ್ಚಿ ಅವ್ವನದಾಯಿತು, ನಾನು ನೆಲಕ್ಕಿಳಿದೆ. ಹಾಗೆ ಇಳಿದವನಿಗೆ ಸಿಕ್ಕ ಹೆಮ್ಮೆ ಮಾತ್ರ ಸಣ್ಣದಲ್ಲ. ಹಾಳೆ ತೆಳ್ಳಗಿರುವುದರಿಂದ ಅಕ್ಷರ ಅಕ್ಷರ ಬೇರೆಯಾಗಿ ಬರುತ್ತದೆ, ಕೂಗಿದರೆ ಸದ್ದು ಹೆಚ್ಚುತ್ತದೆಯೇ ಹೊರತು ಸ್ಪಷ್ಟತೆಯಲ್ಲ, ಇತ್ಯಾದಿ ಇತ್ಯಾದಿ ಎಂದು ಎಮ್ಮೆಗೆ ಸೂಜಿ ಚುಚ್ಚಿಸಲು ಬಂದವರಿಗೂ ಹೇಳಿದೆ. ಅವ್ವನಿಗೂ ಹೇಳಿದೆ. ಅವಳು ತಲೆಯಾಡಿಸಿದಳು. ಮನೆಗೆ ಕಟ್ಟಳೆಗಳು ಬಂದವು. ತಡಿಕೆ ಮಾತಾಡುವಾಗ ಒರಳು ಸದ್ದು ಮಾಡಕೂಡದು, ಹಿತ್ತಿಲಿನಿಂದ ಕೂಗಕೂಡದು. ಬಂದವರು ಪಕ್ಕದಲ್ಲಿ ಕೂತರೆ ಅವರಿಗೇ ಕೇಳಿಸದ ಕಾರಣ ಅವರೂ ಅವ್ವನ ಕುರ್ಚಿಯ ಸುತ್ತ ಬಂದು ಕೂರುವರು. ರೇಡಿಯೋ ನಿಂತ ಮೇಲೆ ಅಲ್ಲೇ ಮಾತು ಶುರುವಾಗುವುದು. ಅವ್ವನೂ ಮಾತಿಗೆ ಸೇರುವಳು. ನಿಲಕ್ಕೋಟ್ಟೈಯಲ್ಲಿ ತಾನು ಹುಡುಗಿಯಾಗಿದ್ದಾಗ ಬೆಳಗಿನ ಮಂಜಿನಲ್ಲಿ ಮಲ್ಲಿಗೆ ಮೊಗ್ಗು ಬಿಡಿಸುತ್ತಿದ್ದ ಕಥೆಗಳು, ನಾನು ಎಂದೂ ಕೇಳಿರದವು, ಆಗ ಹೊರಬಂದವು. ದಿಂಡುಕ್ಕಲ್ಲಿನ ಮಾತು ನಿಂತುಹೋಯಿತು. ಆದರೆ ಅಣ್ಣ ಬಿಡಲಿಲ್ಲ. ದೀಪಾವಳಿಗೆ ಬಂದು ಕರೆದುಕೊಂಡೇ ಹೋಗುತ್ತೇನೆ ಎಂದು ಹೇಳಿ ಕಳಿಸಿದ.

ದೀಪಾವಳಿಗೆ ಮುಂಚೆ ಮಳೆ ಹಿಡಿಯಿತು. ಗೋಡೆ ಬೆವರಿತು, ಉಪ್ಪು ನೀರಾಯಿತು. ತಡಿಕೆ ಮಾತಿನ ನಡುವೆ ಚಟಪಟ ಎನ್ನತೊಡಗಿತು. ಅದನ್ನು ಬೆಚ್ಚಗಿಡಲು ಪಕ್ಕದಲ್ಲಿ ಇದ್ದಿಲ ಕುಂಪಟಿ ಇಟ್ಟೆ. ಕಾಯಿಲೆಯ ಕರುವಿಗೆ ಮಾಡುವುದೂ ಅದನ್ನೇ. ಒಂದು ಗುಡುಗಿನ ಮಧ್ಯಾಹ್ನ ತೂತುಗಳ ಹಿಂದೆ ನೀಲಿ ಬೆಳಕು ಮಿಂಚಿ, ಸುಟ್ಟ ವಾಸನೆ ಬಂದು, ಅದು ಸುಮ್ಮನಾಯಿತು. ನಾನೂ ನಾಗಮ್ಮನೂ ಅಡಿಗೆಮನೆಗೆ ಹೋಗಿ ಪಿಸುಗುಟ್ಟಿಕೊಂಡೆವು. ಅವ್ವನಿಗೆ ಏನೂ ಹೇಳಲಿಲ್ಲ. ಮಾರನೆಯ ದಿನ ಬಸ್ಸಿನ ಮೇಲೆ ಬಾಳೆ ಎಲೆಯ ಕಟ್ಟುಗಳ ಜೊತೆಗೆ ಅದನ್ನು ಟಾರ್ಪಾಲಿನಲ್ಲಿ ಸುತ್ತಿ ತೇನಿಗೆ ಒಯ್ದೆ. ಅಲ್ಲಿಯ ರೇಡಿಯೋ ರಿಪೇರಿಯವನು ಹಿಂದೆ ಮುಂದೆ ನೋಡಿ, ಇದರ ಬಾಯಿ ಎಲ್ಲಿ ಎಂದು ಕೇಳಿದ. ಇಡೀ ಮೈಯೇ ಬಾಯಿ ಎಂದೆ. ಹಾಗಾದರೆ ತನ್ನಿಂದ ಆಗದು ಎಂದು ಕೈಮುಗಿದ.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಒಂದು ಉಪಾಯ ಹೊಳೆಯಿತು. ಅಣ್ಣನ ಮುಂದೆ ಅವ್ವ ಏನೂ ಕೇಳಿಸದೆ ಕೂತುಬಿಟ್ಟರೆ, ಇಲ್ಲೇ ಅವಳಿಗೆ ಚೆನ್ನಾಗಿ ಕೇಳಿಸುತ್ತದೆ ಎಂಬ ನಮ್ಮ ವಾದಕ್ಕೆ ಕಾಲೇ ಇರುವುದಿಲ್ಲ. ಸತ್ತ ತಡಿಕೆಯನ್ನು ಅದರ ಜಾಗದಲ್ಲೇ ನಿಲ್ಲಿಸಿದೆ. ಹಳೆಯ ರೇಡಿಯೋದ ಬಿಚ್ಚಿದ್ದ ತಂತಿಯನ್ನು ಮತ್ತೆ ಅದರ ಬಾಯಿಗೆ ಸೇರಿಸಿ, ರೇಡಿಯೋವನ್ನು ತಡಿಕೆಯ ಹಿಂದೆ ಮಣೆಯ ಮೇಲೆ ಕಾಣದಂತೆ ಇಟ್ಟೆ. ನಾಗಮ್ಮ ಇದು ಬೇಡ ಅಂದಳು. ಒಂದು ದಿನದ ಮಟ್ಟಿಗೆ ಎಂದೆ.

ದೀಪಾವಳಿಯ ದಿನ ಎಣ್ಣೆನೀರು ಮುಗಿಯುವ ಹೊತ್ತಿಗೆ ಅಣ್ಣ ಬಾಡಿಗೆ ಕಾರಿನಲ್ಲಿ ಬಂದಿಳಿದ. ಊಟವಾದ ಮೇಲೆ ಎಲ್ಲರೂ ಅವ್ವನ ಕುರ್ಚಿಯ ಬಳಿ ಸೇರಿದೆವು. ನಾನು ರೇಡಿಯೋ ಹಾಕಿದೆ. ಮೂಗು ಕಟ್ಟಿದವನಂತೆ ಒಬ್ಬ ಮಾತಾಡಿದ. ಹಬ್ಬದ ಬಗ್ಗೆಯೇ ಏನೋ ಭಾಷಣ. ಅವ್ವ ಮುಂದಕ್ಕೆ ಬಾಗಿ ಕೇಳಿದಳು. ಅವನು ಎಣ್ಣೆಗೆ ಕಾಳುಮೆಣಸು ಹಾಕಿ ಕಾಯಿಸುವುದನ್ನು ಹೇಳಿದಾಗ, ನಮ್ಮ ಕಡೆ ಓಮ ಹಾಕುತ್ತೇವೆ ಎಂದು ಅವನಿಗೇ ಉತ್ತರ ಕೊಟ್ಟಳು. ಅಣ್ಣ ಬೆರಗಾದ. ನಾನು ಗೆದ್ದೆನೆಂದುಕೊಂಡು, ಈರುಳ್ಳಿ ಸಿಪ್ಪೆಯಂಥ ಹಾಳೆಯ ವಿವರಣೆಗೆ ಬಾಯಿ ತೆರೆದೆ.

"ಅದು ಹೋಯ್ತಲ್ಲ ಸಾಮಿ, ಗುಡುಗಿದ ದಿನವೇ," ಅಂದಳು ಅವ್ವ. "ಇದು ಹಳೇ ರೇಡಿಯೋ. ಹಿಂದಾಗಡೆ ಮಣೆ ಮೇಲದೆ. ಕಿವಿ ತಾನೆ ಹೋಗಿರೋದು, ಕಣ್ಣು ಮೂಗು ಅದೆಯಲ್ಲ."

ನಾಗಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಳು. ಹಾಗಾದರೆ ಇದು ಹೇಗೆ ಕೇಳಿಸುತ್ತದೆ ಎಂದು ಕೇಳಿದೆ.

"ನೀವೆಲ್ಲ ಬಾಯಿ ಮುಚ್ಕೊಂಡು ಕೂತಿದೀರಲ್ಲ, ಅದಕ್ಕೆ. ದೊರೆ ತಡಿಕೆ ಚೆನ್ನಾಗಿ ಪೇಸಿತು, ಇಲ್ಲ ಅನ್ನಲ್ಲ. ಕಿವಿ ಹತ್ರ ಬಂದು ಹೇಳ್ದಂಗೆ. ಆದ್ರೆ ಅದು ಬಂದ ಮ್ಯಾಲೆ ನೀವೂ ಎದುರ್ಗೆ ಬಂದು ಕೂತ್ರಿ, ಒಬ್ರಾದ ಮ್ಯಾಲೆ ಒಬ್ರು ಮೆಲ್ಲಗೆ ಮಾತಾಡಿದ್ರಿ. ಅದಕ್ಕೆ ಮುಂಚೆ ಹಿತ್ತಲಿಂದ ಸತ್ತ ಹಾಕ್ತಿದ್ರಿ. ಸತ್ತ ಹಾಕಿದ್ರೆ ಸತ್ತ ಕೇಳ್ತದೆ, ಮಾತು ಕೇಳಲ್ಲ."

ನಾನು ರೇಡಿಯೋ ಆರಿಸಿದೆ. ಆಗ ಅಣ್ಣ, ಅಷ್ಟು ದೊಡ್ಡ ಮೈಯ ಮನುಷ್ಯ, ಕೂತಲ್ಲಿಂದ ಎದ್ದು ಬಂದು ಅವ್ವನ ಕಾಲ ಬಳಿ ನೆಲದ ಮೇಲೆ ಕೂತ. ಅವನು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅವನ ಮಗಳು ಸರಸುವನ್ನು ವತ್ತಲಗುಂಡಿಗೆ ಕೊಟ್ಟಿತ್ತು. ಹೆರಿಗೆಗೆ ತೌರಿಗೆ ಬಂದಿದ್ದಾಳೆಂದು ನಮಗೆ ಗೊತ್ತಿತ್ತು, ಹೆಣ್ಣು ಮಗು ಹುಟ್ಟಿ ಉಳಿಯಲಿಲ್ಲ ಎಂಬುದೂ ಗೊತ್ತಿತ್ತು, ಹೋಗಿ ಬಂದಿದ್ದೆವು. ಅವ್ವನಿಗೂ ಅಷ್ಟು ತಿಳಿಸಿದ್ದೆವು. ಆಮೇಲಿನದು ಅಣ್ಣ ಯಾರಿಗೂ ಹೇಳಿರಲಿಲ್ಲ. ಅವಳು ಅಂದಿನಿಂದ ಯಾರೊಡನೆಯೂ ಮಾತಾಡಿಲ್ಲವಂತೆ. ಗಂಡ ಕರೆದರೂ ಹೋಗಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿರುತ್ತಾಳೆ, ತಾಯಿ ಕಲಸಿ ಬಾಯಿಗಿಟ್ಟರೆ ನುಂಗುತ್ತಾಳೆ. ನೋಡಿದವರೆಲ್ಲ ಒಂದೊಂದು ಹೇಳುತ್ತಾರೆ. ರೇಡಿಯೋಗ್ರಾಂ ಹಾಕಿ ನೋಡಿದೆ, ಕಿವಿ ಮುಚ್ಚಿಕೊಂಡಳು ಎಂದ. ಅವಳು ಚಿಕ್ಕವಳಿದ್ದಾಗ ನಿನ್ನ ಪಕ್ಕದಲ್ಲೇ ಮಲಗುತ್ತಿದ್ದಳಲ್ಲ ಎಂದ.

ಅವ್ವ ಅವನ ತುಟಿಯನ್ನೇ ನೋಡುತ್ತ ಒಂದೊಂದು ಮಾತನ್ನೂ ಕೇಳಿಸಿಕೊಂಡಳು. ಒಂದನ್ನೂ ಇನ್ನೊಮ್ಮೆ ಹೇಳಿಸಲಿಲ್ಲ. ಇಷ್ಟು ದಿನ ಏಕೆ ಹೇಳಲಿಲ್ಲ ಎಂದು ಕೇಳಿದಳು.

"ಹೇಳಕ್ಕೆ ತಾನೆ ಬಂದಿದ್ದು ಅವ್ವ, ಬಂದಾಗೆಲ್ಲ," ಅಂದ ಅಣ್ಣ. "ಬೀದಿಗೆ ಕೇಳೋ ಹಂಗೆ ಸತ್ತ ಹಾಕಿ ಹೇಳೋ ಮಾತಾ ಅದು?"

ನಾನು ಅವನನ್ನು ಜಂಬಗಾರನೆಂದುಕೊಂಡಿದ್ದೆ. ಅವ್ವನನ್ನು ತನ್ನ ದೊಡ್ಡ ಮನೆಯಲ್ಲಿಟ್ಟುಕೊಂಡು ಊರಿಗೆ ತೋರಿಸಲು ಒಯ್ಯುತ್ತಾನೆಂದು ನಾಗಮ್ಮನಿಗೂ ಹೇಳಿದ್ದೆ. ಅವಳು ಈಗ ನನ್ನನ್ನು ನೋಡಲಿಲ್ಲ. ಎದ್ದು ಒಳಗೆ ಹೋಗಿ ಅವ್ವನ ಸೀರೆಗಳನ್ನು ಮಡಿಸಿ ಬುಟ್ಟಿಗೆ ಹಾಕತೊಡಗಿದಳು. ಕಳಿಸಬಾರದೆಂದು ಅಷ್ಟು ದಿನ ಹಟ ಹಿಡಿದವಳೇ, ಅವ್ವ ಹೋಗುತ್ತೇನೆ ಎನ್ನುವುದಕ್ಕೂ ಕಾಯಲಿಲ್ಲ. ಅವ್ವನನ್ನು ಉಳಿಸಿಕೊಳ್ಳಲು ನಾನು ಮಾಡಿದ ಉಪಾಯದಿಂದಲೇ ಅವ್ವ ಅಂದು ಸಂಜೆ ಹೊರಟಳು. ಅವಳು ಹೋಗಬೇಕಾದದ್ದೇ ಸರಿ ಎಂದು ನನಗೂ ತಿಳಿಯುತ್ತಿತ್ತು. ತಿಳಿದದ್ದರಿಂದ ಸಮಾಧಾನವೇನೂ ಆಗಲಿಲ್ಲ.

ಸರಸು ಆಮೇಲೆ ಮಾತಾಡಿದಳು ಎಂದು ಇಲ್ಲೇ ಹೇಳಿಬಿಡುತ್ತೇನೆ. ಬೇಗ ಅಲ್ಲ. ಅವ್ವ ಆ ಮನೆಯ ರೇಡಿಯೋಗ್ರಾಂ ಮೇಲೆ ಒಂದು ಜಮಖಾನ ಹೊದಿಸಿ, ಹುಡುಗಿಯ ಎದುರಿಗೆ ಕೂತು ತನ್ನ ಮಲ್ಲಿಗೆಯ ಕಥೆಗಳನ್ನು ಹೇಳುತ್ತ ಹೋದಳಂತೆ. ಒಂದು ದಿನ ಅವ್ವ ಎಲ್ಲಿಯೋ ಹೆಸರು ತಪ್ಪಿದಾಗ ಸರಸು ಅದನ್ನು ತಿದ್ದಿದಳಂತೆ. ಅವಳು ಹೇಳಿದ್ದು ಅವ್ವನಿಗೆ ಕೇಳಿಸಲಿಲ್ಲವಾದ್ದರಿಂದ ಎದ್ದು ಕೂತು, ಮುಖ ನೋಡಿ, ಮತ್ತೊಮ್ಮೆ ಹೇಳಬೇಕಾಯಿತು.

ಆದರೆ ಅಂದು ಸಂಜೆ ಇದೆಲ್ಲ ನಮಗೆಲ್ಲಿ ಗೊತ್ತು. ಕಾರು ಹೊರಟಿತು. ಅವ್ವ ಕಿಟಕಿಯ ಬಳಿ ಕೂತಿದ್ದಳು. ಡ್ರೈವರ್ ಗೇರು ಬದಲಿಸುವಷ್ಟರಲ್ಲಿ ನನಗೆ ಹೇಳಬೇಕಾದದ್ದೆಲ್ಲ ಒಟ್ಟಿಗೆ ನೆನಪಾಗಿ, ನಾನು ಕಾರಿನ ಪಕ್ಕದಲ್ಲೇ ಓಡುತ್ತ ಕೂಗಿದೆ: ಮೊಳಕಾಲಿಗೆ ಎಣ್ಣೆ ಹಚ್ಚಿಕೋ, ಮಲಗುವಾಗ ಕಂಬಳಿ ಹೊದ್ದುಕೋ, ಬೇಜಾರಾದರೆ ಹೇಳಿ ಕಳಿಸು, ನಾನೇ ಬಂದು ಕರೆತರುತ್ತೇನೆ. ಅವ್ವ ನಗುತ್ತ ಒಂದೊಂದಕ್ಕೂ ತಲೆಯಾಡಿಸಿದಳು. ಕಾರು ತಿರುವಿನಲ್ಲಿ ಮರೆಯಾಯಿತು. ನಾನು ಏದುಸಿರು ಬಿಡುತ್ತ, ಸದ್ಯ ಹೇಳಬೇಕಾದ್ದನ್ನೆಲ್ಲ ಹೇಳಿದೆನಲ್ಲ ಎಂದುಕೊಂಡು ಹಿಂದಿರುಗಿದೆ.

"ಅತ್ತೆಗೆ ಒಂದೂ ಕೇಳಿಲ್ಲ," ಅಂದಳು ನಾಗಮ್ಮ.

ಎಲ್ಲದಕ್ಕೂ ತಲೆಯಾಡಿಸಿದಳಲ್ಲ ಎಂದೆ.

"ನೀವು ಬೇಜಾರ್ ಮಾಡ್ಕೊಬಾರ್ದು ಅಂತ ಆಡ್ಸ್ತಾರೆ. ಯಾವಾಗ್ಲೂ ಹಂಗೇ ತಾನೆ."

ನಾವು ಒಳಗೆ ಬಂದೆವು. ಅವಳು ದೀಪ ಹಚ್ಚಲು ಹೋದಳು. ನಾನು ಹಜಾರದಲ್ಲಿ ನಿಂತು, ಈ ವರ್ಷಗಳಲ್ಲಿ ನಾನು ಅವ್ವನಿಗೆ ವಿವರವಾಗಿ ತಿಳಿಸಿ ಹೇಳಿ, ಅವಳು ತಲೆಯಾಡಿಸಿ ಒಪ್ಪಿಕೊಂಡಿದ್ದ ವಿಷಯಗಳು ಯಾವ ಯಾವುವೆಂದು ನೆನಪಿಸಿಕೊಳ್ಳತೊಡಗಿದೆ. ಊಟಕ್ಕೆ ಕರೆಯುವ ಹೊತ್ತಾದರೂ ಅವು ಮುಗಿದಿರಲಿಲ್ಲ.